ಪ್ರಾರ್ಥನೆಗೂ ಮುಂಚಿನ ಹಾಡು

ಜುಲೈ ತಿಂಗಳ ಮೊದಲ ಗುರುವಾರ ನಾನು ಎರಡು ಸ್ಪೀಕರ್, ಎಂಟು ಚಾನೆಲ್ಲಿನ ಒಂದು ಮಿಕ್ಸರ್, ನಾಲ್ಕು ಮೈಕು ಮತ್ತು ಒಂದು ಚೀಲದ ತುಂಬ ಕೇಬಲ್ಲುಗಳನ್ನು ಆಟೋದಲ್ಲಿ ಹಾಕಿಕೊಂಡು ಚೆನ್ನೈನ ಮೈಲಾಪೂರಿನ ಒಂದು ಉಡುಪಿ ಹೋಟೆಲಿಗೆ ಹೋದೆ. ನಾನು ಕೆಲಸ ಮಾಡುವುದು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ. ಹೋಟೆಲಿನ ಮಾಲೀಕರು ಅಂಗಡಿಗೆ ಫೋನ್ ಮಾಡಿ, ಇನ್ನು ಮೇಲೆ ಪ್ರತಿ ಗುರುವಾರ ಸಂಜೆ ಸಾಮಾನು ಬೇಕು, ನಡೆಸಿಕೊಡಲು ಕನ್ನಡ ಬರುವವರಿದ್ದರೆ ಅವರನ್ನೇ ಕಳಿಸಿ ಎಂದಿದ್ದರಂತೆ. ಕನ್ನಡ ಬರುವವಳು ಅಂಗಡಿಯಲ್ಲಿ ನಾನೊಬ್ಬಳೇ. ಮೈಸೂರಿನಿಂದ ಬಂದು ಆಗ ಎರಡು ವರ್ಷವಾಗಿತ್ತು.

ಮಾಲೀಕರ ಅಜ್ಜ ಉಡುಪಿಯಿಂದ ಬಂದು ಹಾಕಿದ ಹೋಟೆಲು ಅದು. ಮಹಡಿಯ ಮೇಲೊಂದು ಹಾಲ್ ಇದೆ. ಸೀಮಂತ, ನಾಮಕರಣ, ಬರ್ತ್‌ಡೇಗಳಿಗೆ ಬಾಡಿಗೆಗೆ ಹೋಗುತ್ತದೆ. ಗುರುವಾರ ಮಾತ್ರ ಖಾಲಿ ಬಿದ್ದಿರುತ್ತದೆ.

"ಬೆಸೆಂಟ್ ನಗರದಲ್ಲಿ ಕಾಫಿ ಶಾಪಿನವರು ಓಪನ್ ಮೈಕ್ ಅಂತ ಎಂತದೋ ಮಾಡ್ತಾರಂತೆ. ಮಕ್ಕಳು ಗಿಟಾರು ಹಿಡ್ಕೊಂಡು ಹೋಗ್ತಾರೆ, ಹಾಡ್ತಾರೆ, ಅಲ್ಲೇ ಕಾಫಿ ಕುಡೀತಾರೆ" ಎಂದರು ಮಾಲೀಕರು. "ಅದು ಕಾಫಿಯಾ? ನಮ್ಮಲ್ಲಿ ಕಾಫಿಯೂ ಉಂಟು, ಮಹಡಿ ಮೇಲೆ ಹಾಲ್ ಕೂಡ ಉಂಟು. ಯಾರು ಬೇಕಾದ್ರೂ ಬರ್ಲಿ, ಹಾಡ್ಲಿ, ತಿಂಡಿ ತಿಂದು ಹೋಗ್ಲಿ. ದೀಪಾವಳಿವರೆಗೆ ನೋಡುವ. ನಡೀಲಿಲ್ಲ ಅಂದ್ರೆ ನಿಲ್ಸುವ. ಆಯ್ತಲ್ವಾ ಮಾರಾಯ್ತಿ?"

ಆಯ್ತು ಎಂದೆ. ಯಾರು ಬೇಕಾದರೂ ಬರಲಿ ಎಂಬ ಮಾತನ್ನು ನಾನು ಅವರಿಗಿಂತ ಗಟ್ಟಿಯಾಗಿ ಹಿಡಿದುಕೊಂಡೆ ಎಂದು ಈಗ ಅನ್ನಿಸುತ್ತದೆ.

ಮೊದಲ ವಾರ ಸ್ಪೀಕರ್ ಹಚ್ಚಿದ ಕೂಡಲೇ ಗುಂಯ್ ಎಂಬ ಸದ್ದು. ಕೇಬಲ್ ಬದಲಾಯಿಸಿದೆ, ಮೈಕ್ ಕಿತ್ತೆ, ಮಿಕ್ಸರನ್ನು ಬೇರೆ ಪ್ಲಗ್ಗಿಗೆ ಹಾಕಿದೆ. ಸದ್ದು ಹೋಗಲಿಲ್ಲ. ಇದ್ದಕ್ಕಿದ್ದಂತೆ ತಾನಾಗಿ ನಿಂತಿತು, ಹತ್ತು ನಿಮಿಷದ ಮೇಲೆ ಮತ್ತೆ ಬಂತು. ಕೆಳಗಿಳಿದು ನೋಡಿದರೆ ಅಡುಗೆಮನೆಯಲ್ಲಿ ಮಾರನೆಯ ದಿನದ ದೋಸೆಗೆ ಅಕ್ಕಿ ರುಬ್ಬುತ್ತಿದ್ದರು. ಗ್ರೈಂಡರಿಗೂ ಮೇಲಿನ ಹಾಲಿಗೂ ಒಂದೇ ಲೈನು. ಎರಡನೆಯ ವಾರ ಕ್ಯಾಶ್ ಕೌಂಟರಿನ ಲೈನಿನಿಂದ ಉದ್ದದ ವೈರು ಎಳೆದು ನೋಡಿದೆ, ಸದ್ದು ಅರ್ಧ ತಗ್ಗಿತು. ಉಳಿದರ್ಧಕ್ಕೆ ಅಡುಗೆಯ ಭಟ್ಟರ ಕೈಕಾಲು ಹಿಡಿಯಬೇಕಾಯಿತು. ಆರೂವರೆಯಿಂದ ಎಂಟೂವರೆಯವರೆಗೆ ಗ್ರೈಂಡರ್ ಹಾಕುವುದಿಲ್ಲ, ಎಂಟೂವರೆಯ ಮೇಲೆ ಒಂದು ನಿಮಿಷವೂ ನಿಲ್ಲುವುದಿಲ್ಲ ಎಂದು ಅವರು ಮಾತು ಕೊಟ್ಟರು, ಹಾಗೇ ನಡೆದುಕೊಂಡರು.

ಆ ಎರಡು ಗಂಟೆಯಲ್ಲಿ ಹನ್ನೆರಡು ಜನರಿಗೆ ಜಾಗವಿತ್ತು, ಒಬ್ಬರಿಗೆ ಎಂಟು ನಿಮಿಷ. ಹೆಸರು ಕೊಟ್ಟವರ ಚೀಟಿಗಳನ್ನೆಲ್ಲ ಒಂದು ಸ್ಟೀಲ್ ಡಬರಿಯಲ್ಲಿ ಹಾಕಿ ಎಲ್ಲರೆದುರು ಎತ್ತುತ್ತಿದ್ದೆ. ಎತ್ತಿದ ಸಾಲಿನಲ್ಲೇ ಸರದಿ. ನಾನು ಡೈರಿ ಬರೆಯುವವಳು. ಪ್ರತಿ ವಾರ ಯಾರು ಬಂದರು, ಯಾರ ಚೀಟಿ ಬರಲಿಲ್ಲ, ಯಾರ ದನಿಗೆ ಮಿಕ್ಸರಿನ ಗೇನ್ ಎಲ್ಲಿಗೆ ಇಡಬೇಕು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಶುರುವಿಗೆ ಮುಂಚೆ, ಮೊದಲು ಬಂದು ಕುಳಿತವರು ಯಾರೋ ಅವರನ್ನು ಕರೆದು ಎರಡು ಸಾಲು ಹಾಡಿಸಿ ಮೈಕ್ ನೋಡುವುದು ನನ್ನ ಪದ್ಧತಿ. ಬರೀ "ಹಲೋ, ಒನ್ ಟೂ" ಎಂದರೆ ಮೈಕು ಹಾಡಿಗೆ ತಯಾರಾಗುವುದಿಲ್ಲ. ಜನಕ್ಕೆ ಇದು ಬೇಗ ರೂಢಿಯಾಯಿತು. ಯಾರೋ ಎರಡು ಸಾಲು ಹಾಡುತ್ತಿದ್ದರೆ ಅವರು ಕುರ್ಚಿ ಎಳೆದುಕೊಂಡು, ಮಾತಾಡಿಕೊಂಡು ಇರುತ್ತಿದ್ದರು.

ಬಂದವರಲ್ಲಿ ಬ್ಯಾಂಕಿನ ಒಬ್ಬ ಹೆಂಗಸು ಇದ್ದರು, ಕಾಲೇಜಿನ ಮೂವರು ಹುಡುಗಿಯರಿದ್ದರು, ಅಂಚೆ ಇಲಾಖೆಯಿಂದ ನಿವೃತ್ತರಾಗಿ ಮೌತ್ ಆರ್ಗನ್ ನುಡಿಸುವ ಹಿರಿಯರೊಬ್ಬರಿದ್ದರು. ಆಗಸ್ಟಿನ ಕೊನೆಗೆ ಕೋಯಂಬೇಡಿನ ತರಕಾರಿ ಮಂಡಿಯ ಗುಮಾಸ್ತರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಹೊಸೂರು ಕಡೆಯವರು, ಆದರೆ ಅವರ ತಂದೆಯ ಕಾಲದಿಂದ ಚೆನ್ನೈನಲ್ಲೇ ಇರುವುದು. ನಡುರಾತ್ರಿ ಲಾರಿ ಬರುವ ಹೊತ್ತಿಗೆ ಅವರು ಮಂಡಿಯಲ್ಲಿರಬೇಕು. ಹೆಂಡತಿ ಗಾರ್ಮೆಂಟ್ಸಿನಲ್ಲಿ ಹೊಲಿಯುವವರು, ಒಂದು ಗಂಟೆ ಪರ್ಮಿಷನ್ ಹಾಕಿ ಬಂದಿದ್ದರು.

ಆ ದಿನ ಅವರ ಚೀಟಿ ಐದನೆಯದಾಗಿ ಬಂತು. ಹಳೆಯ ಕನ್ನಡ ಸಿನಿಮಾ ಹಾಡೊಂದನ್ನು ಎತ್ತಿಕೊಂಡರು. ದನಿ ಚೆನ್ನಾಗಿತ್ತು, ಕೆಳಗಿನ ಸ್ವರಗಳಲ್ಲಿ ತುಂಬಿಕೊಂಡು ಬರುವ ದನಿ. ಪಲ್ಲವಿ ಮುಗಿದು ಚರಣಕ್ಕೆ ಹೋಗುವಾಗ ಅವರು ಮೈಕಿನ ಜಾಲರಿಯ ತಲೆಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದರು. ಆ ಮೈಕು ಎದುರಿನ ದನಿಯನ್ನು ಮಾತ್ರ ಹಿಡಿಯುವಂಥದು. ತಲೆ ಮುಚ್ಚಿದರೆ ಸುತ್ತಲಿನದ್ದೆಲ್ಲ ಅದರೊಳಗೆ ನುಗ್ಗುತ್ತದೆ, ಸ್ಪೀಕರಿನ ಸದ್ದೂ ನುಗ್ಗುತ್ತದೆ. ಮೈಕು ಹಾಲ್ ಸೀಳಿ ಹೋಗುವಂತೆ ಕೂಗಿತು. ನಾನು ಮಿಕ್ಸರಿನ ಫೇಡರ್ ಎಳೆದು ದನಿ ಇಳಿಸುವಷ್ಟರಲ್ಲಿ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡಿದ್ದರು, ಹಿಂದೆ ಯಾರೋ ನಕ್ಕಿದ್ದರು. ಗುಮಾಸ್ತರು ಮೈಕನ್ನು ನನ್ನ ಮೇಜಿನ ಮೇಲಿಟ್ಟು ವೇದಿಕೆಯಿಂದ ಇಳಿದುಬಿಟ್ಟರು.

ಕಾರ್ಯಕ್ರಮ ಮುಗಿದ ಮೇಲೆ ಗಂಡಹೆಂಡಿರಿಬ್ಬರನ್ನೂ ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದೆ. "ಹಾಡಿದ್ದರಲ್ಲಿ ತಪ್ಪೇನೂ ಇರ್ಲಿಲ್ಲ ಸರ್. ಮೈಕಿನ ತಲೆ ಮುಚ್ಚಿ ಹಿಡಿದ್ರಿ, ಅದಕ್ಕೇ ಕೂಗ್ತು."

"ಭಯ ಮಾ. ಎದ್ರುಗೆ ಅಷ್ಟು ಜನ. ಕೈಗೆ ಏನು ಸಿಕ್ತೋ ಅದನ್ನ ಹಿಡ್ಕೊಂಡ್ಬುಟ್ಟೆ."

"ಮಂಡೀಲಿ ಮೂಟೆ ಹಿಡಿದಂಗೆ ಹಿಡಿದ್ರು" ಎಂದರು ಹೆಂಡತಿ. "ಮನೇಲಿ ದಿನಾ ಸ್ನಾನ ಮಾಡ್ತಾ ಹಾಡ್ತಾರೆ ಮಾ. ಬಕೆಟ್ಟು ಒಂದು ದಿನಾನೂ ಹಿಂಗೆ ಕೂಗಿಲ್ಲ."

ಗುಮಾಸ್ತರು ನಗಲಿಲ್ಲ. "ಒಂದೇ ಒಂದು ತಡವೆ ಮಾ, ಒಂದೇ ಕಿತ. ಒಂದು ಪಾಟು, ಮೊದ್ಲಿಂದ ಕಡೇತನಕ, ಜನರ ಮುಂದೆ. ಇವ್ಳು ಕೂತು ಕೇಳ್ಬೇಕು. ಮದುವೆ ಆದಾಗಿಂದ ಹೇಳ್ಕೊಂಡೇ ಬಂದಿದೀನಿ, ಸ್ಟೇಜಲ್ಲಿ ಹಾಡ್ತೀನಿ ಅಂತ. ಅದೊಂದು ಆಗೋದ್ರೆ ಸಾಕು, ಆಮೇಲೆ ನಿಮ್ಗೆ ತೊಂದ್ರೆ ಕೊಡಲ್ಲ."

ಮುಂದಿನ ವಾರ ನಾನು ಒಂದು ಗಂಟೆ ಮುಂಚೆ ಹೋಗಿ ಹಾಲನ್ನು ಪಳಗಿಸಿದೆ. ಖಾಲಿ ಹಾಲಿನಲ್ಲಿ ಮೈಕು ಕೂಗುವವರೆಗೆ ದನಿ ಏರಿಸುವುದು, ಯಾವ ಸ್ವರದಲ್ಲಿ ಕೂಗಿತು ಎಂದು ಕೇಳಿಸಿಕೊಂಡು ಅದೊಂದನ್ನೇ ಮಿಕ್ಸರಿನಲ್ಲಿ ತಗ್ಗಿಸುವುದು, ಮತ್ತೆ ಏರಿಸುವುದು. ಮೂರು ಕಡೆ ತಗ್ಗಿಸಿದ ಮೇಲೆ ಹಾಲ್ ಹದಕ್ಕೆ ಬಂತು. ಕೈಯಲ್ಲಿ ಮೈಕ್ ಕೊಡುವುದನ್ನೇ ಬಿಟ್ಟು ಎಲ್ಲರಿಗೂ ಸ್ಟ್ಯಾಂಡ್ ಇಟ್ಟೆ. ಗುಮಾಸ್ತರಿಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಾಡಿ ಎಂದು ಹೇಳಿಕೊಟ್ಟೆ. ಆದರೆ ಅವರ ಚೀಟಿ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ, ಅದರ ಮುಂದಿನ ವಾರವೂ. ಪ್ರತಿ ಸಲ ಕೊನೆಯ ಚೀಟಿ ಎತ್ತುವವರೆಗೆ ಗೋಡೆಗೆ ಒರಗಿ ನಿಂತಿದ್ದು, ಕೈ ಬೀಸಿ ಹೋಗುತ್ತಿದ್ದರು.

ಚೀಟಿ ಬರದಿದ್ದುದಕ್ಕೆ ಕಾರಣ ಜನ ಹೆಚ್ಚಾದದ್ದು. ಜನ ಹೆಚ್ಚಾದದ್ದಕ್ಕೆ ಕಾರಣ ಹತ್ತಿರದ ಒಂದು ಸಂಗೀತ ಸಭೆಯ ಕಾರ್ಯದರ್ಶಿಗಳು. ಸೆಪ್ಟೆಂಬರಿನಲ್ಲಿ ಅವರು ಮೊಮ್ಮಗಳನ್ನು ಕರೆದುಕೊಂಡು ಬಂದರು. ಹೈಸ್ಕೂಲಿನ ಹುಡುಗಿ, ಶ್ರುತಿ ಬಿಡದ ದನಿ, ಮೈಕಿಗೆ ಎಷ್ಟು ದೂರ ನಿಲ್ಲಬೇಕೆಂದು ಹೇಳಿಕೊಡಬೇಕಾಗಿಯೇ ಇರಲಿಲ್ಲ. ಎರಡು ವಾರ ಅವಳ ಚೀಟಿಯೂ ಡಬರಿಯೊಳಗೇ ಬಿತ್ತು. ಮೂರನೆಯ ವಾರ ಮಾಲೀಕರು ನನ್ನನ್ನು ಕ್ಯಾಶ್ ಕೌಂಟರಿಗೆ ಕರೆದರು.

"ಆ ಮಗುವಿನ ಚೀಟಿ ಹಾಕ್ಬೇಡ. ಕೊನೆಯಿಂದ ಎರಡನೇದು ಅವಳಿಗೇ ಇಡು. ಅಷ್ಟೊತ್ತಿಗೆ ಹಾಲ್ ತುಂಬಿರ್ತದೆ. ಮತ್ತೆ ಎಂಟು ನಿಮಿಷ ಅಂತೆಲ್ಲ ಗಂಟೆ ನೋಡ್ಬೇಡ, ಒಂದು ಹದಿನೈದು ಕೊಡು."

"ಹಾಗಾದ್ರೆ ಬೇರೆ ಒಬ್ಬರ ಜಾಗ ಹೋಗುತ್ತೆ ಸರ್."

"ಹೋಗ್ಲಿ. ಡಿಸೆಂಬರ್ ಸೀಸನ್ನಿಗೆ ಸಭಾದ ಕ್ಯಾಂಟೀನ್ ಯಾರಿಗೆ ಕೊಡೂದು ಅಂತ ಕಾರ್ಯದರ್ಶಿಗಳು ಈಗ ಯೋಚನೆ ಮಾಡ್ತಿದ್ದಾರೆ. ಅದು ಎಂತ ಅಂತ ನಿಂಗೆ ಗೊತ್ತುಂಟಾ? ಮದ್ರಾಸಿನಲ್ಲಿ ಸೀಸನ್ನಿಗೆ ಅರ್ಧ ಜನ ಕಚೇರಿ ಕೇಳ್ಲಿಕ್ಕೆ ಬರೂದು, ಅರ್ಧ ಜನ ಕ್ಯಾಂಟೀನಿಗೇ ಬರೂದು. ನಮ್ಮ ಅಜ್ಜ ಕೇಳಿ ಸಿಗ್ಲಿಲ್ಲ, ಅಪ್ಪ ಕೇಳಿ ಸಿಗ್ಲಿಲ್ಲ."

ಆಮೇಲೆ ಕಾರ್ಯದರ್ಶಿಗಳ ಪರಿಚಯದವರು ಬರತೊಡಗಿದರು, ಅವರ ಮಕ್ಕಳು ಬರತೊಡಗಿದರು. ಸಂಜೆ ಪ್ರಾರ್ಥನೆಯಿಂದ ಶುರುವಾಗಬೇಕು ಎಂದಾಯಿತು, ಅದನ್ನೂ ಆ ಹುಡುಗಿಯೇ ಹಾಡುವುದೆಂದಾಯಿತು. ಕಾಲೇಜಿನ ಹುಡುಗಿಯರು ಬರುವುದನ್ನು ನಿಲ್ಲಿಸಿದರು. ಕೆಳಗೆ ವ್ಯಾಪಾರ ಏರಿತು. ಇದು ಓಪನ್ ಮೈಕೋ ಅಲ್ಲವೋ ಎಂದು ಕೇಳುವವರು ಯಾರೂ ಇರಲಿಲ್ಲ, ನಾನೂ ಬಾಯಿಬಿಟ್ಟು ಕೇಳಲಿಲ್ಲ. ಡಬರಿಯನ್ನು ಮಾತ್ರ ಬಿಡಲಿಲ್ಲ.

ಅಕ್ಟೋಬರಿನ ಒಂದು ಗುರುವಾರ ಗುಮಾಸ್ತರ ಚೀಟಿ ಬಂತು, ಎಲ್ಲರಿಗಿಂತ ಕೊನೆಗೆ. ಹುಡುಗಿಯ ನಂತರ. ಅವರು ತಕ್ಷಣ ಹೆಂಡತಿಗೆ ಫೋನ್ ಮಾಡಿದರು; ಆಕೆ ಪರ್ಮಿಷನ್ ಕೇಳಿ ಎರಡು ಬಸ್ಸು ಹತ್ತಿ ಎಂಟು ಗಂಟೆಯ ಹೊತ್ತಿಗೆ ಬಂದು ಕೂತರು. ಹುಡುಗಿಯ ಹಾಡು ಎಂಟೂಕಾಲಿಗೆ ಮುಗಿಯಿತು. ಗುಮಾಸ್ತರಿಗೆ ಹದಿನೈದು ನಿಮಿಷವಿತ್ತು, ಬೇಕಾದದ್ದು ಐದು. ಅವರು ಅಂಗಿ ಸರಿಮಾಡಿಕೊಂಡು ಎದ್ದು ನಿಂತದ್ದನ್ನೂ ನೋಡಿದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಕಾರ್ಯದರ್ಶಿಗಳು ಮೊಮ್ಮಗಳಿಗೆ ಬೆರಳೆತ್ತಿ, "ಮಂಗಳಂ ಪಾಡಿಡು ಮ್ಮಾ" ಎಂದರು. ಅವಳು ಮಂಗಳ ಹಾಡಿದಳು.

ಮಂಗಳ ಆಯಿತೆಂದರೆ ಕಚೇರಿ ಮುಗಿಯಿತೆಂದು ಅರ್ಥ. ಆ ಮೇಲೆ ಯಾರೂ ಹಾಡುವುದಿಲ್ಲ, ಯಾರೂ ಕೂರುವುದೂ ಇಲ್ಲ. ಇದನ್ನು ಅಲ್ಲಿದ್ದ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹಾಲಿಗೆ ಹಾಲೇ ಎದ್ದು ನಿಂತಿತು, ಹಾಡು ಮುಗಿದ ಕೂಡಲೇ ಮೆಟ್ಟಿಲ ಕಡೆ ತಿರುಗಿತು. ನಾನು ಗುಮಾಸ್ತರ ಹೆಸರನ್ನು ಮೈಕಿನಲ್ಲಿ ಎರಡು ಸಲ ಕೂಗಿದೆ. ಕುರ್ಚಿ ಸರಿಸುವ ಸದ್ದಿನಲ್ಲಿ ಅದು ಯಾರಿಗೂ ಬೇಕಾಗಲಿಲ್ಲ. ಹುಡುಗಿ ನನ್ನ ಮೇಜಿನ ಬಳಿ ಬಂದು "ಥ್ಯಾಂಕ್ಸ್ ಅಕ್ಕಾ" ಎಂದು ಹೋದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಬರಿಸಿಕೊಳ್ಳಲು ನೋಡಿದೆ.

ಉಳಿದವರು ಗುಮಾಸ್ತರು, ಅವರ ಹೆಂಡತಿ, ಮೌತ್ ಆರ್ಗನ್ನಿನ ಹಿರಿಯರು.

"ಬನ್ನಿ ಸರ್. ಮೈಕ್ ಆನ್ ಇದೆ. ನಾವಿದೀವಲ್ಲ."

"ಬೇಡ ಮಾ. ಮಂಗಳ ಆಗೋಯ್ತು."

"ಅದು ಕಚೇರಿಗೆ ಸರ್. ಇದು ಕಚೇರಿ ಅಲ್ಲ."

"ಎಲ್ಲಾದ್ರೂ ಮಂಗಳ ಮಂಗಳಾನೇ ಅಲ್ವಾ. ಅದಾದ್ಮೇಲೆ ಬಾಯಿ ತೆಗೆದ್ರೆ ನನ್ಗೇ ಮನ್ಸಿಗೆ ಆಗಲ್ಲ. ಇನ್ನೊಂದು ವಾರ ನೋಡೋಣ."

"ನೋಡೋಣ" ಎಂದರು ಹೆಂಡತಿ. "ಸೂಪರ್‌ವೈಸರ್ ಇವತ್ತೇ ಕೇಳ್ದ. ಏನಮ್ಮಾ ನಿನ್ ಗಂಡ, ಸಿನಿಮಾಗೆ ಹಾಡ್ತಾನಾ, ದಿನಾ ಪರ್ಮಿಷನ್ ಕೇಳ್ತೀಯ ಅಂತ. ಇನ್ನೊಂದು ಕಿತ ಮಾತ್ರ ಮಾ. ಅದರ ಮೇಲೆ ನನ್ ಕೈಲಾಗಲ್ಲ."

ಆ ರಾತ್ರಿ ಸಾಮಾನು ಕಟ್ಟುವ ಮುಂಚೆ ಮಾಲೀಕರ ಹತ್ತಿರ ಹೋದೆ. ಮಂಗಳ ಹಾಡಬಾರದು ಎಂದು ನಿಯಮ ಮಾಡೋಣ ಎಂದೆ.

"ಎಂತ ಮಾತು ಮಾರಾಯ್ತಿ ಇದು? ನನ್ನ ಹೋಟೆಲಲ್ಲಿ ಮಂಗಳ ಹಾಡ್ಬೇಡಿ ಅಂತ ನಾನೇ ಬಾಯಿಬಿಟ್ಟು ಹೇಳೂದಾ?"

"ಹಾಗಾದ್ರೆ ಆ ಹುಡುಗೀನ ಕೊನೆಗೆ ಇಡೋಣ."

"ಕಾರ್ಯದರ್ಶಿಗಳಿಗೆ ಸಕ್ಕರೆ ಕಾಯಿಲೆ, ಎಂಟೂಕಾಲಿಗೆ ಊಟಕ್ಕೆ ಏಳ್ಬೇಕು. ಕೊನೆಗೆ ಇಟ್ರೆ ಎಂಟೂವರೆ, ಗ್ರೈಂಡರೂ ಶುರು. ನೀನು ಒಬ್ಬರ ಮುಖ ನೋಡ್ತಾ ಇದ್ದಿ. ನಾನು ಇಡೀ ಹೋಟೆಲ್ ನೋಡ್ಬೇಕಲ್ಲ. ಆ ಮಂಡಿಯವರು ಪಾಪ ಒಳ್ಳೆಯವರು. ಇನ್ನೊಂದು ವಾರ ಹಾಡ್ಲಿ, ಯಾರು ಬೇಡ ಅಂದದ್ದು?"

ಯಾರೂ ಬೇಡ ಅಂದಿರಲಿಲ್ಲ. ಅದೇ ಕಷ್ಟ. ಕಾರ್ಯದರ್ಶಿಗಳಿಗೆ ಯಾವಾಗ ಹಸಿವಾಗುತ್ತದೋ ಆಗ ಮಂಗಳ ಆಗುತ್ತದೆ, ಆ ಹೊತ್ತಿಗೆ ಯಾರ ಸರದಿ ಉಳಿದಿದೆಯೋ ಅವರದು ಹೋಗುತ್ತದೆ. ವಾರವಿಡೀ ಇದನ್ನೇ ಯೋಚಿಸಿದೆ. ಚೀಟಿ ಮತ್ತೆ ಬರುವುದು ಯಾವಾಗಲೋ. ಹೆಂಡತಿಗೆ ಉಳಿದಿರುವುದು ಒಂದೇ ಪರ್ಮಿಷನ್. ಮಂಗಳ ಎಲ್ಲಿ ಬೇಕಾದರೂ ಬರಬಹುದು, ಶುರುವಿಗೆ ಮುಂಚೆ ಬರಲಾರದು. ಹಾಗಾಗಿ ನನ್ನ ನಿಯಮವನ್ನು ನಾನೇ ಮುರಿಯುವುದೆಂದು ನಿರ್ಧರಿಸಿದೆ. ಗುಮಾಸ್ತರ ಹೆಸರನ್ನು ಡಬರಿಯಲ್ಲಿ ಹಾಕುವುದಿಲ್ಲ. ಅವರನ್ನು ಎಲ್ಲರಿಗಿಂತ ಮೊದಲು, ಪ್ರಾರ್ಥನೆಗೂ ಮೊದಲು ಹಾಡಿಸುತ್ತೇನೆ. ಪ್ರಾರ್ಥನೆ ಆರೂ ಮುಕ್ಕಾಲಿಗೆ. ಹುಡುಗಿಗಾಗಿ ಬರುವವರು ಅದಕ್ಕೂ ಮುಂಚೆಯೇ ಬಂದು ಹಾಲು ತುಂಬಿರುತ್ತಾರೆ. ಬುಧವಾರ ಫೋನ್ ಮಾಡಿ ಹೇಳಿದೆ. "ಆರೂವರೆಗೆ ರೆಡಿ ಇರಿ ಸರ್. ನಿಮ್ಮದೇ ಮೊದಲು."  "ಫಸ್ಟಾ?" ಎಂದರು ಅವರು.

ಗುರುವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಹೆಂಡತಿ ಮಧ್ಯದ ಸಾಲಿನಲ್ಲಿ ಕುಳಿತರು. ಹಾಲು ನಾನು ಎಣಿಸಿದಂತೆಯೇ ತುಂಬಿತ್ತು. ಮಾಲೀಕರು ಕೆಳಗಿದ್ದರು, ನಾನು ಅವರನ್ನು ಕೇಳಲಿಲ್ಲ. ನನ್ನ ಮೇಜಿನ ಮೈಕಿನಲ್ಲಿ ಗುಮಾಸ್ತರ ಹೆಸರು ಹೇಳಿ, ಈಗ ಇವರು ಹಾಡುತ್ತಾರೆ ಎಂದು ನನಗೆ ಬರುವ ತಮಿಳಿನಲ್ಲಿ ಹೇಳಿದೆ. ಸ್ಟ್ಯಾಂಡನ್ನು ಅವರ ಎತ್ತರಕ್ಕೆ ಮೊದಲೇ ಏರಿಸಿಟ್ಟಿದ್ದೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಪಲ್ಲವಿಯಲ್ಲಿ ದನಿ ಕೊಂಚ ನಡುಗಿತು, ಮೊದಲ ಚರಣದಲ್ಲಿ ಗಟ್ಟಿಯಾಗಿ ನೆಲೆ ನಿಂತಿತು, ಎರಡನೆಯದರಲ್ಲಿ ಅವರು ಕಣ್ಣು ಮುಚ್ಚಿಕೊಂಡೇ ಹಾಡಿದರು. ಆ ನಾಲ್ಕು ತಿಂಗಳಲ್ಲಿ ಆ ಹಾಲಿನಿಂದ ನಾನು ತೆಗೆದ ಅತಿ ಒಳ್ಳೆಯ ದನಿ ಅದು. ಕೆಳಗಿನ ಸ್ವರಗಳು ಬಂದು ಎದೆಗೆ ತಾಗುತ್ತಿದ್ದವು. ನಾನು ಮಿಕ್ಸರಿನಿಂದ ಕಣ್ಣೆತ್ತಿ ನೋಡಿದೆ.

ಜನ ಮಾತಾಡುತ್ತಿದ್ದರು. ಒಬ್ಬರು ಹಿಂದಿನ ಸಾಲಿನವರಿಗೆ ಮದುವೆಯ ಪತ್ರಿಕೆ ಕೊಡುತ್ತಿದ್ದರು. ಇಬ್ಬರು ಫ್ಯಾನಿನ ಕೆಳಗಿನ ಜಾಗಕ್ಕೆ ಕುರ್ಚಿ ಸಾಗಿಸುತ್ತಿದ್ದರು. ಕಾರ್ಯದರ್ಶಿಗಳು ವೇದಿಕೆಗೆ ಬೆನ್ನು ಮಾಡಿ ಯಾರಿಗೋ ಪಾರ್ಕಿಂಗ್ ವಿಷಯ ಹೇಳುತ್ತಿದ್ದರು. ಅವಮಾನ ಮಾಡಬೇಕೆಂದು ಯಾರೂ ಮಾಡಿದ್ದಲ್ಲ. ಅವರ ಲೆಕ್ಕದಲ್ಲಿ ಇನ್ನೂ ಏನೂ ಶುರುವಾಗಿರಲಿಲ್ಲ. ಪ್ರಾರ್ಥನೆಗೆ ಮುಂಚೆ ಹಾಡುವವನು ಮೈಕ್ ನೋಡುವವನು. ಅದನ್ನು ವಾರ ವಾರ ಅವರಿಗೆ ಅಭ್ಯಾಸ ಮಾಡಿಸಿದವಳು ನಾನೇ.

ಹಾಡು ಮುಗಿಯಿತು. ಮೌತ್ ಆರ್ಗನ್ನಿನ ಹಿರಿಯರು ಚಪ್ಪಾಳೆಗೆ ಕೈ ಎತ್ತಿದರು, ಸುತ್ತ ಯಾರೂ ಎತ್ತದ್ದನ್ನು ನೋಡಿ ತೊಡೆಯ ಮೇಲಿಟ್ಟುಕೊಂಡರು. ದನಿ ನಿಂತದ್ದರಿಂದಲೇ ಕಾರ್ಯದರ್ಶಿಗಳು ಈ ಕಡೆ ತಿರುಗಿದರು.

"ಮೈಕ್ ನಲ್ಲಾ ಇರುಕ್ಕು" ಎಂದರು ನನಗೆ, ಮೆಚ್ಚಿಕೊಂಡು. "ಆರಂಬಿಕ್ಕಲಾಮಾ?"

ಮೈಕ್ ಚೆನ್ನಾಗಿದೆ, ಶುರು ಮಾಡೋಣವೇ ಎಂಬ ಆ ಮಾತಿಗೆ ಹಾಲು ನಿಶ್ಶಬ್ದವಾಯಿತು. ಎಲ್ಲರೂ ನೆಟ್ಟಗೆ ಕುಳಿತರು. ಗುಮಾಸ್ತರು ಆ ನಿಶ್ಶಬ್ದಕ್ಕೆ ಕೈ ಮುಗಿದು ಕೆಳಗಿಳಿದರು. ಹೆಂಡತಿ ಚೀಲ ಹೆಗಲಿಗೆ ಹಾಕಿಕೊಂಡು ಎದ್ದಿದ್ದರು.

"ಬನ್ರೀ. ಮೈಕ್ ರೆಡಿ ಮಾಡ್ಕೊಟ್ಟಾಯ್ತಲ್ಲ, ಬಸ್ ಹಿಡಿಯೋಣ."

ನನಗೆ ಅವರ ಹಿಂದೆ ಹೋಗಬೇಕೆನಿಸಿತು. ಹುಡುಗಿ ಆಗಲೇ ಸ್ಟ್ಯಾಂಡಿನ ಮುಂದೆ ನಿಂತಿದ್ದಳು. ಅವಳ ಎತ್ತರಕ್ಕೆ ಅದನ್ನು ಇಳಿಸಿ, ಮೇಜಿಗೆ ಬಂದು, ಅವಳ ಗುರುತಿಗೆ ಗೇನ್ ತಂದು, ಫೇಡರ್ ಏರಿಸಿದೆ. ಪ್ರಾರ್ಥನೆ ಹಿಂದಿನ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು.

ದೀಪಾವಳಿ ಕಳೆಯಿತು. ಕ್ಯಾಂಟೀನು ಮಾಲೀಕರಿಗೇ ಸಿಕ್ಕಿತು. ಗುರುವಾರದ ಕಾರ್ಯಕ್ರಮ ನಿಲ್ಲಿಸುವ ಮಾತೇ ಬರಲಿಲ್ಲ. ಮಾಲೀಕರು ಸಂತೋಷದಲ್ಲಿದ್ದರು, ನನಗೊಂದು ಪ್ಯಾಕೆಟ್ ಮೈಸೂರು ಪಾಕ್ ಕೊಟ್ಟರು, ಕೂರಿಸಿ ಕಾಫಿ ತರಿಸಿದರು.

"ಆ ಮಂಡಿಯವರನ್ನು ಅವತ್ತು ಮೊದಲಿಗೆ ಹಾಡಿಸಿದ್ದಿಯಂತೆ. ಒಳ್ಳೇ ಐಡಿಯ. ಕಾರ್ಯದರ್ಶಿಗಳೇ ಹೇಳಿದ್ರು, ಅವತ್ತು ಮೈಕ್ ಬಹಳ ಚೆನ್ನಾಗಿತ್ತು ಅಂತ. ಇನ್ನು ಪ್ರತಿ ವಾರ ಅವರನ್ನೇ ಕರಿ. ನಿನ್ನ ಮೈಕ್ ಟೆಸ್ಟೂ ಆಗ್ತದೆ, ಅವರಿಗೂ ಹಾಡಿದ ಹಾಗೆ ಆಗ್ತದೆ. ಹೋಗುವಾಗ ಇಬ್ಬರಿಗೂ ಟಿಫಿನ್ ನಮ್ಮ ಲೆಕ್ಕದಲ್ಲಿ. ಫೋನ್ ಮಾಡಿ ಹೇಳು, ಖುಷಿ ಪಡ್ತಾರೆ."

ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ. ನಿಜವಾಗಿ ಇಬ್ಬರಿಗೂ ಒಳ್ಳೆಯದಾಗಲಿ ಎಂದೇ ಹೇಳಿದ್ದು.

ಮುಂದಿನ ಗುರುವಾರ ಸಂಜೆ, ಗುಮಾಸ್ತರು ಹಗಲಿನ ನಿದ್ದೆ ಮುಗಿಸಿ ಎದ್ದಿರುವ ಹೊತ್ತು ನೋಡಿ, ಅಂಗಡಿಯಿಂದ ಫೋನ್ ಮಾಡಿದೆ.

"ಸರ್, ಗುರುವಾರದ ಕಾರ್ಯಕ್ರಮ ನಿಲ್ಲಿಸ್ಬಿಟ್ರು. ನೀವು ಅಷ್ಟು ದೂರದಿಂದ ಬಂದು ವಾಪಸ್ ಹೋಗೋ ಹಾಗೆ ಆಗ್ಬಾರ್ದು ಅಂತ ಫೋನ್ ಮಾಡ್ದೆ."

"ಅಡಡಾ, ನಿಲ್ಸಿಬಿಟ್ರಾ?" ಅವರು ನಿಜವಾಗಿಯೂ ಮರುಗಿದರು. "ಎಷ್ಟು ಜನ ಕಾಯ್ತಿದ್ರು ಮಾ ಚೀಟಿಗೆ. ಪಾಪ ಅವ್ರಿಗೆಲ್ಲ. ನಂದಾದ್ರೂ ಆಗೋಯ್ತು. ಕಡೇತನಕ ಹಾಡ್ದೆನಲ್ಲ."

"ಹೌದು ಸರ್" ಎಂದೆ. ಗಂಟೆ ಐದಾಗಿತ್ತು. ಆರೂವರೆಯೊಳಗೆ ನಾನು ಹಾಲಿನಲ್ಲಿರಬೇಕಿತ್ತು.